ಆರು ಕಾಲಿನ ಎತ್ತು

ಹೊಳೆಯ ದಂಡೆಗೆ ಒಂದು ಮಠ. ಮಠ ಅನ್ನುವುದಕ್ಕೆ ಅಲ್ಲಿದ್ದದ್ದು ನಾಲ್ಕು ಕಂಬ, ಒಂದು ಚಪ್ಪರ, ಮತ್ತು ಯಾರು ಏನು ಕೇಳಿದರೂ ನೆಟ್ಟಗೆ ಉತ್ತರ ಕೊಡದ ಒಬ್ಬ ಅಜ್ಜ.

ಕುಂಬಾರ ಬಾಳಪ್ಪ ಆ ಅಜ್ಜನ ಹಳೇ ಶಿಷ್ಯ. ಹನ್ನೆರಡು ವರ್ಷ ಉಪದೇಶ ಕೇಳಿದ್ದ, ಅದರಲ್ಲಿ ಮುಕ್ಕಾಲು ಪಾಲು ತೂಕಡಿಸುತ್ತ ಕೇಳಿದ್ದ. ಈ ಸಲ ಮಾತ್ರ ಕಣ್ಣು ಪೂರಾ ತೆರೆದುಕೊಂಡು ಬಂದ. ಎಂಟು ವರ್ಷದ ಮಗಳು ಸಾತಿಯನ್ನೂ ಕೈಹಿಡಿದು ಕರೆತಂದಿದ್ದ.

“ಅಜ್ಜಾರ, ಇಕಿ ಮಣ್ಣ ಮುಟ್ಟಾಕ ಒಲ್ಲಳು.”

“ಮೊದಲ ಮುಟ್ಟತಿದ್ಲೇನು?”

“ಮುಟ್ಟೂದೇನ್ರಿ, ಮಣ್ಣಾಗ ಹೊರಳತಿದ್ಲು. ಹೋದ ವರ್ಷ ಮಣ್ಣೆತ್ತಿನ ಅಮಾಸಿಗೆ ಆರು ಕಾಲಿನ ಎತ್ತು ಮಾಡಿದ್ಲು. ಯಾಕವ್ವಾ ಆರು ಅಂದ್ರ, ನಾಕು ನಡಿಯಾಕ, ಇನ್ನೆರಡು ದಣಿದಾಗ ಬದಲಿಗೆ ಅಂದ್ಲು.”

ಅಜ್ಜ ನಕ್ಕ. ಬಾಳಪ್ಪನೂ ನಗಲಿಕ್ಕೆ ಬಾಯಿ ತೆರೆದ. ನಗು ಬರಲಿಲ್ಲ.

“ಆ ಎತ್ತು ಎಲ್ಲೈತಿ?”

ಬಾಳಪ್ಪ ಕಾಲಿನ ಹೆಬ್ಬೆರಳಿಂದ ನೆಲ ಕೆರೆದ. ಗುರುವಿನ ಮುಂದೆ ಸುಳ್ಳು ಹೇಳಬಾರದು. ಹೇಳಿದರೂ ಈ ಅಜ್ಜನಿಗೆ ತಿಳಿಯುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದ.

ಆ ಅಮಾವಾಸ್ಯೆಗೆ ಊರ ಮನೆಮನೆಯ ದೇವರ ಜಗಲಿಗೂ ಮಣ್ಣಿನ ಜೋಡೆತ್ತು ಕೊಡುವುದು ಬಾಳಪ್ಪನ ಮನೆತನದ ಕೆಲಸ. ಕುಂಬಾರನ ಮಗಳ ಎತ್ತಿಗೆ ಆರು ಕಾಲು ಅಂದರೆ ನಾಲ್ಕು ಮಂದಿ ನಗುತ್ತಾರೆ. ಸಾತಿ ನೀರಿಗೆ ಹೋದದ್ದು ನೋಡಿ ಅವನು ಆ ಎತ್ತನ್ನು ಕೈಗೆ ತೆಗೆದುಕೊಂಡ. ಎರಡು ಕಾಲು ಚಿವುಟಿ ಹಾಕಿದ. ಕೊಂಬು ತಿದ್ದಿದ, ಕಿವಿಯನ್ನು ಜಾಗಕ್ಕೆ ತಂದ, ಬೆನ್ನಿಗೆ ಒಂದು ಚಂದದ ಡುಬ್ಬ ಕೂರಿಸಿದ. ಎಲ್ಲ ಪ್ರೀತಿಯಿಂದಲೇ. ಆಮೇಲೆ ಓಣಿಯವರನ್ನು ಕರೆದು, ನೋಡ್ರಿ ನನ್ನ ಮಗಳು ಮಾಡಿದ್ದು ಅಂದ.

ಓಣಿಯ ಹೆಂಗಸರು ಸಾತಿಗೆ ದೃಷ್ಟಿ ತೆಗೆದರು, ಬಾಯಿಗೆ ಬೆಲ್ಲ ಹಾಕಿದರು. ಸಾತಿ ಅದನ್ನು ನುಂಗಲಿಲ್ಲ, ಉಗುಳಲೂ ಇಲ್ಲ. ದವಡೆಯಲ್ಲಿಟ್ಟುಕೊಂಡು ಅಪ್ಪನನ್ನೇ ನೋಡುತ್ತ ನಿಂತಳು.

“ಹೊಗಳಿಕಿ ಸಿಕ್ತಲ್ಲ,” ಎಂದ ಅಜ್ಜ. “ಮತ್ಯಾಕ ಅಳತಿ?”

“ನಾ ಎಲ್ಲಿ ಅಳಾಕತ್ತೀನ್ರಿ?”

“ಹೌದಲ್ಲ. ಮೂಗು ಸೋರಾಕತ್ತೈತಿ ಅಷ್ಟ. ಆಮ್ಯಾಲ ಏನ್ ಮಾಡಿದಿ?”

“ಕಥಿ ಹೇಳಿದೆ. ಈ ಕಥಿ ಮೊದಲ ಹಿಂಗ ಇತ್ತೇನು, ಇಲ್ಲಾ ನೀ ತಿದ್ದಿದ್ಯೇನು ಅಂತ ಕೇಳಿದ್ಲು. ಬಣ್ಣ ತಂದು ಕೊಟ್ಟೆ. ಯಾ ಬಣ್ಣ ಹಚ್ಚಿದ್ರ ನಿನಗ ಸರಿ ಅಂತ ನನ್ನ ಕೇಳ್ತಾಳ. ಆಕಿ ಮೊದಲಿನಂಗ ಆಗಬೇಕ್ರಿ. ಮಂತ್ರ ಇದ್ರ ಕೊಡ್ರಿ.”

ಅಜ್ಜ ಎದ್ದು ದಂಡೆಗಿಳಿದು ಒಂದು ಹಿಡಿ ಹಸಿಮಣ್ಣು ತಂದು ಸಾತಿಯ ಮುಂದಿಟ್ಟ.

“ನಿನ್ನ ಮನಸಿಗೆ ಬಂದದ್ದು ಮಾಡವಾ.”

ಅಜ್ಜನ ಮಾತು ಮೀರಲಾರದೆ ಸಾತಿ ಮಣ್ಣು ಹಿಡಿದಳು. ಬಾಳಪ್ಪನ ಎದೆ ಹಗುರಾಯಿತು. ಅವಳು ಒಮ್ಮೆ ಚಿವುಟಿದಳು, ಅಪ್ಪನ ಮುಖ ನೋಡಿದಳು. ಇನ್ನೊಮ್ಮೆ ಚಿವುಟಿದಳು, ಮತ್ತೆ ನೋಡಿದಳು. ಹಾಗೇ ನೋಡಿ ನೋಡಿ ಎತ್ತು ಮುಗಿಯಿತು. ನಾಲ್ಕೇ ಕಾಲು. ಬಾಳಪ್ಪನೇ ಮಾಡಿದ ಹಾಗಿತ್ತು.

ಅಜ್ಜ ಅದನ್ನು ಮುದ್ದೆ ಮಾಡಿ ಮತ್ತೆ ಅವಳ ಕೈಗಿಟ್ಟ. “ಬಾಳ್ಯಾ, ನೀ ಆ ಮರದ ಹಿಂದ ಹೋಗು.”

ಮರ ಸಣ್ಣದು, ಬಾಳಪ್ಪನ ಹೊಟ್ಟೆ ದೊಡ್ಡದು. ಉಸಿರು ಒಳಗೆಳೆದುಕೊಂಡು ನಿಂತ. ಒಂದೇ ಕಣ್ಣಲ್ಲಿ ಇಣುಕಿದರೆ, ಸಾತಿ ಒಂದೊಂದು ಚಿವುಟಿಗೂ ಮರದ ಕಡೆ ನೋಡುತ್ತಿದ್ದಳು.

“ಹೊಳಿ ದಾಟು,” ಎಂದ ಅಜ್ಜ.

ಬಾಳಪ್ಪ ಹರಿಗೋಲು ಹತ್ತಿ ಆಚೆ ದಂಡೆಗೆ ಹೋದ. ಅಲ್ಲಿಂದ ಮಗಳು ಇರುವೆಯಷ್ಟು ಕಂಡಳು. ಮುಖ ಕಾಣಲಿಲ್ಲ. ನನಗೇ ಕಾಣದಿದ್ದರೆ ಅವಳಿಗೂ ನಾನು ಕಾಣುವುದಿಲ್ಲ ಅಂತ ಸಮಾಧಾನ ಮಾಡಿಕೊಂಡು ಬಿಸಿಲಲ್ಲಿ ಕೂತ. ಎಷ್ಟೋ ಹೊತ್ತಿನ ಮೇಲೆ ಅಜ್ಜ ಕೈ ಬೀಸಿ ಕರೆದ.

ಬಂದು ನೋಡಿದ. ಮತ್ತೊಂದು ಎತ್ತು. ಮೊದಲಿನದಕ್ಕಿಂತ ಅಚ್ಚುಕಟ್ಟು.

ಸಾತಿ ಅದನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು. “ಅಪ್ಪಾ, ಅಲ್ಲಿಂದ ಸರಿ ಕಾಣತಿತ್ತೇನು?”

ಬಾಳಪ್ಪ ಮತ್ತೆ ಹರಿಗೋಲಿನ ಕಡೆ ತಿರುಗಿದ. “ಅಜ್ಜಾರ, ಇನ್ನೆಷ್ಟು ದೂರ ಹೋಗಲಿ ಹೇಳ್ರಿ. ಎಷ್ಟಂದ್ರ ಅಷ್ಟು ಹೋಗ್ತೀನಿ.”

ಅಜ್ಜ ಹೊಳೆಗೆ ಹೋಗಿ ಕೈಯ ಕೆಸರು ತೊಳೆದುಕೊಂಡು ಬಂದ.

“ಹೋಗಿ ಏನ್ ಮಾಡ್ತಿ, ತಮ್ಮಾ. ನೀ ಸತ್ತರೂ ಆಕಿ ತಿರುಗಿ ನೋಡ್ತಾಳ.”