ಒಂಬತ್ತಕ್ಕೂ ನಿಲ್ಲದ್ದು

ಬಹಳ ಹಿಂದೆ, ಹೊನ್ನಗುಡ್ಡ ಅಂತ ಒಂದೂರಿತ್ತು. ಎಷ್ಟು ಹಿಂದೆ ಅಂದರೆ, ನನಗೆ ಇದನ್ನು ಹೇಳಿದ್ದು ನನ್ನಜ್ಜಿ, ಅವಳಿಗೆ ಹೇಳಿದ್ದು ಅವಳಜ್ಜಿ. ಆಗಿನ ಯಂತ್ರಗಳಿಗೆ ಈಗಿನವುಗಳ ಹಾಗೆ ಬಾಯಿಮಾತು ತಿಳಿಯುತ್ತಿರಲಿಲ್ಲ. ಕಪ್ಪು ಪರದೆಯ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿ ಹೇಳಬೇಕಿತ್ತು. ಊರ ಮೇಲೆ ಬಿಸಿಲು, ಊರ ಕೆಳಗೆ ಚಿನ್ನದ ಗಣಿ. ಮೇಲಿನ ಊರಿಗಿಂತ ಕೆಳಗಿನ ಊರೇ ದೊಡ್ಡದು ಅಂತಿದ್ದರಂತೆ. ಕೆಳಗಿನದಕ್ಕೆ ಎಷ್ಟು ಓಣಿ ಅಂತ ಪೂರ್ತಿ ತಿಳಿದವರು ಯಾರೂ ಇರಲಿಲ್ಲವಂತೆ.

ಆ ಊರಲ್ಲಿ ಹುಸೇನಮ್ಮ ಅಂತ ಒಬ್ಬಳಿದ್ದಳು. ಗಣಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು. ಯಾವುದಾದರೂ ಪ್ರೋಗ್ರಾಂ ಹ್ಯಾಂಗ್ ಆಯಿತು, ಒತ್ತಿದರೆ ಕೇಳುತ್ತಿಲ್ಲ, ಮುಚ್ಚಿದರೆ ಮುಚ್ಚುತ್ತಿಲ್ಲ ಅಂದರೆ ಅವಳಿಗೆ ಹೇಳಿ ಕಳಿಸುತ್ತಿದ್ದರು. ಅವಳು ಬಂದು ಬಣ್ಣದ ಚಿತ್ರಗಳನ್ನೆಲ್ಲ ಸರಿಸಿ ಅವುಗಳ ಹಿಂದಿನ ಕಪ್ಪು ಪರದೆ ತೆರೆಯುತ್ತಿದ್ದಳು. ಒಳಗೆ ಏನೇನು ನಡೆದಿದೆ ಅಂತ ಕೇಳುತ್ತಿದ್ದಳು. ಯಂತ್ರ ಸಾಲುಸಾಲಾಗಿ ಉತ್ತರ ಕೊಡುತ್ತಿತ್ತು. ಒಳಗೆ ನಡೆಯುವ ಪ್ರತಿ ಕೆಲಸಕ್ಕೂ ಒಂದು ನಂಬರು. ನಿಂತುಹೋದದ್ದು ಯಾವುದು ಅಂತ ಹುಡುಕಿ, ಅದರ ನಂಬರು ಹಿಡಿದು, ಮುಂದೆ ‘ಕಿಲ್’ ಅಂತ ಬರೆಯುತ್ತಿದ್ದಳು.

ಕಿಲ್ ಅಂದರೆ ಕೊಲ್ಲು. ಆದರೆ ಅದು ಹೆಸರಿಗೆ ಮಾತ್ರ. ಬರೀ ಕಿಲ್ ಅಂದಾಗ ಅದು ಕೊಲ್ಲುವುದಲ್ಲ, ಕೇಳಿಕೊಳ್ಳುವುದು. ಸಾಕು, ಕೈಯಲ್ಲಿದ್ದದ್ದನ್ನು ಇಟ್ಟು ಎದ್ದುಬಾ ಅಂದ ಹಾಗೆ. ಬಹಳಷ್ಟು ಕೇಳುತ್ತಿದ್ದವು. ಕೇಳದೆ ಹೋದರೆ ಮಾತ್ರ ಕಿಲ್ ಪಕ್ಕದಲ್ಲಿ ಒಂಬತ್ತು ಬರೆಯುತ್ತಿದ್ದಳು. ಒಂಬತ್ತಕ್ಕೆ ಎದುರಿಲ್ಲ. ಇಡುವುದೂ ಇಲ್ಲ, ಏಳುವುದೂ ಇಲ್ಲ, ಇದ್ದಲ್ಲೇ ಹೋಯಿತು. ಒಂಬತ್ತು ಒತ್ತುವ ಮುಂಚೆ ಹುಸೇನಮ್ಮ ತಲೆ ಮೇಲೆ ಸೆರಗು ಹೊದೆಯುತ್ತಿದ್ದಳಂತೆ.

ಊರ ಜನರ ಬಾಯಿ ಸುಮ್ಮನಿರುತ್ತದೆಯೇ? ಅವಳು ರಸ್ತೆಯ ಆಚೆ ನಿಂತು ಹತ್ತಿ ಮಿಲ್ಲನ್ನು ನಿಲ್ಲಿಸಿದಳಂತೆ ಅಂದರು. ಒಬ್ಬಳ ಬಿಕ್ಕಳಿಕೆ ನಿಲ್ಲಿಸಿದಳಂತೆ ಅಂದರು. ನಂಬರು ಸಿಕ್ಕರೆ ಸಾಕು, ಏನನ್ನು ಬೇಕಾದರೂ ನಿಲ್ಲಿಸುತ್ತಾಳೆ ಅಂತ ಮಾತಾಯಿತು. ಆಮೇಲೆ ಅವಳ ಎದುರಿಗೆ ಮನೆಯ ನಂಬರು ಹೇಳಲೂ ಜನ ಹಿಂಜರಿದರು. ಬಸ್ಸಿನಲ್ಲಿ ಅವಳು ಕೂತರೆ ಪಕ್ಕದ ಸೀಟು ಖಾಲಿ. ಅವಳಿಗೆ ಅದು ನೋವಾಗಿರಬೇಕು. ಹೇಳಿಕೊಂಡವಳಲ್ಲ.

ಈಗ ಗಣಿಯ ಪದ್ಧತಿ ಹೇಳಬೇಕು. ಕೆಳಗಿಳಿಯುವ ಪ್ರತಿಯೊಬ್ಬನೂ ದೀಪದ ಕೋಣೆಯಿಂದ ಒಂದು ದೀಪ ತಗೊಂಡು ಹೋಗಬೇಕು. ಕೆಲಸ ಮುಗಿದ ಮೇಲೆ ಅದನ್ನು ತಂದು ಅದರ ಕೊಕ್ಕೆಗೇ ಹಾಕಬೇಕು. ಕೆಳಗಿನ ಓಣಿಗಳಲ್ಲಿ ಅಲ್ಲಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ದೀಪ ಹತ್ತಿರ ಬಂದರೆ ಪೆಟ್ಟಿಗೆಗೆ ತಿಳಿಯುತ್ತಿತ್ತು, ಪೆಟ್ಟಿಗೆ ಮೇಲಿನ ಕಂಪ್ಯೂಟರಿಗೆ ಹೇಳುತ್ತಿತ್ತು. ಕೆಳಗೆ ಎಷ್ಟು ಮಂದಿ ಇದ್ದಾರೆ ಅಂತ ಪರದೆ ತೋರಿಸುತ್ತಿತ್ತು. ಅದು ಸೊನ್ನೆ ಆಗುವವರೆಗೂ ಬಂಡೆಗೆ ತುಂಬಿದ ಮದ್ದು ಸಿಡಿಸುವ ಬೀಗ ತೆರೆದುಕೊಳ್ಳುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಪಾಳಿ ಬಿಟ್ಟಿತು. ಎಲ್ಲರೂ ಮೇಲೆ ಬಂದರು. ದೀಪದ ಕೋಣೆಯ ಅಮರಪ್ಪ ನೋಡಿದ, ಒಂದು ಕೊಕ್ಕೆಯೂ ಖಾಲಿ ಇಲ್ಲ. ಹೆಸರು ಕೂಗಿದರು, ಎಲ್ಲರೂ ಓ ಅಂದರು. ಆದರೆ ಪರದೆ ಮಾತ್ರ ಕೆಳಗೆ ಒಬ್ಬ ಅಂತ ತೋರಿಸಿ ನಿಂತುಬಿಟ್ಟಿತು. ಯಾವ ಕೀಲಿ ಒತ್ತಿದರೂ ಕದಲಲಿಲ್ಲ.

ಪಾಳಿಯ ಸಾಹೇಬರು ವೆಂಕೋಬರಾಯರು. ಕೆಟ್ಟ ಮನುಷ್ಯ ಅಲ್ಲ. ಅವರ ಚಿಂತೆ ಬೇರೆ ಇತ್ತು. ಬಂಡೆಯಲ್ಲಿ ಮದ್ದು ತುಂಬಿಯಾಗಿದೆ, ನೀರು ಜಿನುಗುತ್ತಿದೆ. ಮದ್ದು ನೆನೆದರೆ ಸಿಡಿಯುವುದಿಲ್ಲ, ಆಮೇಲೆ ಅದನ್ನು ಕೈಯಿಂದ ಕೆದಕಿ ತೆಗೆಯಬೇಕು. ಹಾಗೆ ತೆಗೆಯಲು ಹೋದವರನ್ನು ಹಿಂದೆ ಗೋಣಿಯಲ್ಲಿ ಮೇಲೆ ತಂದಿದ್ದರು.

ಹುಸೇನಮ್ಮನನ್ನು ಕರೆಸಿದರು. ಕೈಗೆ ಹತ್ತಿದ ಜೋಳದ ಹಿಟ್ಟನ್ನೂ ತೊಳೆಯದೆ ಬಂದಳು. ನೋಡಿದ ಕೂಡಲೇ, “ಹ್ಯಾಂಗ್ ಆಗೇತ್ರಿ, ಮತ್ತೇನಿಲ್ಲ” ಅಂದಳು. ನಂಬರು ಹುಡುಕಿದಳು, ಕಿಲ್ ಬರೆದಳು, ಕಾದಳು. ಕೇಳಲಿಲ್ಲ. ಸೆರಗು ಹೊದ್ದು ಒಂಬತ್ತು ಬರೆದಳು.

ಅದು ಹಾಗೇ ಇತ್ತು.

ಮತ್ತೆ ಬರೆದಳು. ಹಾಗೇ ಇತ್ತು. ಕೆಳಗೆ ಒಬ್ಬ. ಅವಳ ಒಂಬತ್ತಕ್ಕೆ ನಿಲ್ಲದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತವರು ಒಬ್ಬೊಬ್ಬರೇ ಹಿಂದಕ್ಕೆ ಸರಿದರಂತೆ.

ಹುಸೇನಮ್ಮ ಪರದೆಯ ಹತ್ತಿರ ಬಾಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು. “ಸಾಹೇಬ್ರ, ಇದು ಕೆಟ್ಟಿಲ್ಲ” ಅಂದಳು. “ಕೆಟ್ಟಿದ್ದು ಸುಮ್ಮನ ತಿರುಗತೈತಿ, ಯಂತ್ರಾನ ಬಿಸಿ ಮಾಡತೈತಿ. ಇದು ಏನೂ ಮಾಡಂಗಿಲ್ಲ. ಕಾಯಾಕತ್ತೈತಿ. ಕೆಳಗಿಂದ ಒಂದು ಮಾತು ಬರೋತನಕ ಇದಕ್ಕ ಒಂಬತ್ತೂ ಕೇಳಂಗಿಲ್ಲ.”

“ಕೆಳಗ ಎಲ್ಲಿಂದ?”

“ಹಳೇ ಓಣಿ ಪೆಟ್ಟಿಗೆಯಿಂದ.”

ಹಳೇ ಓಣಿಗೆ ಯಾರೂ ಹೋಗುತ್ತಿರಲಿಲ್ಲ. ಯಾವ ಕಾಲದಲ್ಲೋ ಅಲ್ಲಿ ಬಂಡೆ ಕುಸಿದಿತ್ತು. ಹಲಗೆ ಹೊಡೆದು ಮುಚ್ಚಿದ್ದರು, ಪೆಟ್ಟಿಗೆ ಒಳಗೇ ಉಳಿದಿತ್ತು. ಅಲ್ಲಿ ದೀಪ ಇದೆ ಅಂತ ಆ ಪೆಟ್ಟಿಗೆ ಹೇಳಿತ್ತು. ಹೋಯಿತು ಅಂತ ಹೇಳಿರಲಿಲ್ಲ.

“ನನ್ನ ದೀಪ ಎಲ್ಲಾ ಇಲ್ಲೇ ಅದಾವ್ರಿ” ಅಂದ ಅಮರಪ್ಪ.

ವೆಂಕೋಬರಾಯರ ಸೊಂಟದಲ್ಲಿ ಒಂದು ಕೀಲಿಕೈ ಇತ್ತು. ಪರದೆ ಏನೇ ಹೇಳಲಿ, ಅದರಿಂದ ಸಿಡಿಮದ್ದಿನ ಬೀಗ ತೆಗೆಯಬಹುದಿತ್ತು. ಅವರು ಅದನ್ನು ಕೈಗೆ ತಗೊಂಡರು.

“ಹುಸೇನಮ್ಮ, ಖರೇ ಹೇಳು. ಕೆಳಗ ಯಾರರ ಅದಾರೇನು?”

“ಗೊತ್ತಿಲ್ರಿ. ನನಗೂ ಹೆದರಿಕಿ ಆಗೇತಿ. ಆದ್ರ ನೋಡಿ ಬರೂಣ್ರಿ. ನಾನೂ ಬರ್ತೀನಿ.”

ರಾಯರು ಕೀಲಿಕೈಯನ್ನು ಮೇಜಿನ ಮೇಲಿಟ್ಟು ತಾವೇ ಮೊದಲು ಕೇಜಿಗೆ ಹತ್ತಿದರು. ಆಳುಗಳನ್ನು ಇಳಿಸಿ ಏರಿಸುವ ಆ ಕಬ್ಬಿಣದ ಕೇಜಿನಲ್ಲಿ ಆವರೆಗೆ ಹೆಂಗಸು ಇಳಿದದ್ದಿಲ್ಲ. ಅವತ್ತು ಹುಸೇನಮ್ಮ ಇಳಿದಳು. ಅಮರಪ್ಪ ದೀಪ ಹಿಡಿದು ಜೊತೆಗೆ ಹೋದ.

ಹಳೇ ಓಣಿಗೆ ಹೋಗಿ ನೋಡಿದರೆ ಹಲಗೆಗಳು ಕೊಳೆತು ಒಂದು ಕಡೆ ಬಾಯಿ ಬಿಟ್ಟಿದ್ದವು. ಒಳಗೆ ಒಬ್ಬ ಮನುಷ್ಯ ಗೋಡೆಗೆ ಒರಗಿ ಕೂತಿದ್ದ. ಕಾಲ ಮೇಲೆ ಕಲ್ಲು ಬಿದ್ದಿತ್ತು. ಜೀವ ಇತ್ತು. ಹುಲಿಗೆಪ್ಪ ಅಂತ ಅವನ ಹೆಸರು. ಗುತ್ತಿಗೆದಾರ ಅವತ್ತು ಬೆಳಿಗ್ಗೆ ಕರೆತಂದ ಹೊಸ ಆಳು. ಹೆಸರು ಬರೆಸಿರಲಿಲ್ಲ, ಅದಕ್ಕೇ ಯಾರೂ ಕೂಗಲಿಲ್ಲ. ದೀಪವನ್ನೂ ಕೊಟ್ಟಿರಲಿಲ್ಲ. ಮುಂದಿನವರ ಬೆಳಕು ನೋಡಿಕೊಂಡು ನಡೆದವನು, ಹಿಂದೆ ಬಿದ್ದು, ದಾರಿ ತಪ್ಪಿ, ಕತ್ತಲಲ್ಲಿ ಅಲ್ಲಿಗೆ ಹೊಕ್ಕಿದ್ದ.

ಕಲ್ಲು ಸರಿಸಿ ಅವನನ್ನು ಎತ್ತಿದರು. ಆಗ ಹುಸೇನಮ್ಮ ಕೇಳಿದಳು. “ತಮ್ಮಾ, ನಿನ್ನ ಹತ್ರ ದೀಪ ಇತ್ತೇನು?”

“ಇಲ್ಲಬೇ. ಆ ಅಣ್ಣನ ಹತ್ರ ಇತ್ತು.”

“ಯಾವ ಅಣ್ಣ?”

“ಇಲ್ಲೇ ನನ್ನ ಬಾಜೂಕ ಕುಂತಿದ್ನಲ್ಲ. ಹೆದರಬ್ಯಾಡ, ಬರ್ತಾರ ಅಂದ. ನಿಮ್ಮ ಕಾಲಸಪ್ಪಳ ಕೇಳಿದ ಮ್ಯಾಲ ಎದ್ದು ಆ ಕಡೆ ಹೋದ.”

ಅವನು ಬೆರಳು ತೋರಿಸಿದ ಕಡೆ ಅಮರಪ್ಪ ದೀಪ ಎತ್ತಿ ಹಿಡಿದ. ಆ ಕಡೆ ಓಣಿ ಇರಲಿಲ್ಲ. ಬರೀ ಬಂಡೆ. ಬಂಡೆಯ ಮೇಲೆ ನೀರು ಇಳಿಯುತ್ತಿತ್ತು.

ಹುಲಿಗೆಪ್ಪನನ್ನು ಹೊತ್ತು ಮೇಲೆ ಬಂದರು. ಬಂದು ನೋಡಿದರೆ ಪ್ರೋಗ್ರಾಂ ತಾನೇ ಸತ್ತಿತ್ತು. ದೀಪ ಹೋಯಿತು ಅಂತ ಹಳೇ ಓಣಿಯ ಪೆಟ್ಟಿಗೆ ಹೇಳಿ, ಕಾಯುವುದು ಮುಗಿದ ಮೇಲೆ, ಮುಂಚೆ ಹೊಡೆದ ಒಂಬತ್ತು ಈಗ ಹೋಗಿ ಮುಟ್ಟಿತ್ತು. ಎಲ್ಲರೂ ಉಸಿರು ಬಿಟ್ಟರು. ಹುಲಿಗೆಪ್ಪನನ್ನು ಆಸ್ಪತ್ರೆಗೆ ಕಳಿಸಿದರು. ಹುಸೇನಮ್ಮ ಕೂತು ಎಣಿಕೆಯನ್ನು ಹೊಸದಾಗಿ ಶುರು ಮಾಡಿದಳು. ಅದು ಕೊಕ್ಕೆಗಳನ್ನೆಲ್ಲ ನೋಡಿತು, ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಕೇಳಿತು. ಕೇಳಿ, ಹೇಳಿತು.

ಕೆಳಗೆ ಒಬ್ಬ.

ಈ ಸಲ ಹ್ಯಾಂಗ್ ಆಗಿರಲಿಲ್ಲ. ಒತ್ತಿದ ಕೀಲಿಗೆಲ್ಲ ಉತ್ತರ ಕೊಡುತ್ತಿತ್ತು. ಒಂಬತ್ತು ಬರೆದರೆ ನಿಲ್ಲುತ್ತಿತ್ತು ಕೂಡ. ವೆಂಕೋಬರಾಯರು ಅವಳ ಮುಖ ನೋಡಿದರು. ಅವಳು ಕೀಲಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳಂತೆ.

“ಇದನ್ನ ನಾ ಕೊಲ್ಲಂಗಿಲ್ರಿ” ಅಂದಳು. “ಆ ಹುಡುಗನ್ನ ಕಾದವ್ನ ಬಿಟ್ಟು ನಾವು ಮ್ಯಾಲೆ ಬಂದೀವಿ. ಕೇಜು ಇನ್ನೊಂದು ಸಲ ಕಳಸ್ರಿ.”

“ಯಾರು ಹೋಗೋರು?”

“ಯಾರೂ ಬ್ಯಾಡ. ಖಾಲಿ ಕಳಸ್ರಿ. ಒಬ್ಬ ಮನುಷ್ಯ ನಡಕೊಂಡು ಬಂದು ಹತ್ತೋ ಅಷ್ಟು ಹೊತ್ತು ನಿಲ್ಲಿಸ್ರಿ.”

ಖಾಲಿ ಕೇಜು ಇಳಿಯಿತು. ಕೆಳಗೆ ನಿಂತಿತು. ಹೊರಗೆ ಹೊಡೆಯುವ ಬಿಸಿಲಲ್ಲಿ ಜನ ನಿಂತಿದ್ದರು. ಆಮೇಲೆ ಕೇಜು ಮೇಲೆ ಬಂತು. ಬಾಗಿಲು ತೆಗೆದರು. ಒಳಗೆ ಯಾರೂ ಇರಲಿಲ್ಲ. ತಣ್ಣಗೆ ಒದ್ದೆ ಕಲ್ಲಿನ ವಾಸನೆ ಬಂತಂತೆ, ನಿಂತವರ ನಡುವೆ ಹಾದು ಹೋಯಿತಂತೆ. ಮುಂದೆ ನಿಂತ ಒಬ್ಬ ಮುದುಕ, ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟನಂತೆ.

ಪರದೆಯಲ್ಲಿ ಸೊನ್ನೆ ಬಂತು. ಬೀಗ ತೆರೆದುಕೊಂಡಿತು. ಮದ್ದು ಸಿಡಿಯಿತು.

ಹುಲಿಗೆಪ್ಪ ಕುಂಟುತ್ತಾ ಆದರೂ ಬಹಳ ವರ್ಷ ಬದುಕಿದ. ಹುಸೇನಮ್ಮನೂ ಎಲ್ಲರ ಹಾಗೆ ಮುದುಕಿಯಾದಳು, ಎಲ್ಲರ ಹಾಗೆ ಹೋದಳು. ಆ ದಿನದ ನಂತರ ಬಸ್ಸಿನಲ್ಲಿ ಅವಳ ಪಕ್ಕ ಯಾರೋ ಒಬ್ಬರು ಕೂರುತ್ತಿದ್ದರಂತೆ. ಕೆಲವರು ಅವಳು ಆಮೇಲೆ ಒಂಬತ್ತು ಬರೆಯಲೇ ಇಲ್ಲ ಅಂತಾರೆ. ಕೆಲವರು ಬರೆದಳು, ಕೆಲಸ ಅಂದಮೇಲೆ ಬರೆಯದೆ ಆಗುತ್ತದೆಯೇ ಅಂತಾರೆ. ನಾನೇನು ನೋಡಿದವನಲ್ಲ.

ಆದರೆ ಹೊನ್ನಗುಡ್ಡದ ಗಣಿಯಲ್ಲಿ ಇವತ್ತಿಗೂ ಪಾಳಿ ಬಿಟ್ಟು ಎಲ್ಲರೂ ಮೇಲೆ ಬಂದ ಮೇಲೆ ಕೇಜು ಇನ್ನೊಂದು ಸಲ ಇಳಿಯುತ್ತದೆ. ಖಾಲಿ ಇಳಿಯುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಬರುತ್ತದೆ. ಅದಕ್ಕೆ ಹುಸೇನಮ್ಮನ ಕೇಜು ಅಂತಾರೆ. ಸುಮ್ಮನೆ ಕರೆಂಟು ದಂಡ ಅಂತ ಹೊಸಬರು ಗೊಣಗುತ್ತಾರೆ, ಒಂದೆರಡು ತಿಂಗಳಿಗೆ ಸುಮ್ಮನಾಗುತ್ತಾರೆ. ಕೇಜು ನಡೆಸುವವನ ಎದುರಿಗೆ ಹಗ್ಗದ ಮೇಲೆ ಎಷ್ಟು ಭಾರ ಇದೆ ಅಂತ ತೋರಿಸುವ ಒಂದು ಮುಳ್ಳು ಇರುತ್ತದೆ. ಆ ಒಂದು ಸಲ ಕೇಜು ಮೇಲೆ ಬರುವಾಗ ಅವನು ಹೆಗಲ ಮೇಲಿನ ಟವೆಲ್ ತೆಗೆದು ಆ ಮುಳ್ಳಿನ ಮೇಲೆ ಹಾಕುತ್ತಾನೆ. ಬಾಗಿಲು ತೆಗೆದು ಮತ್ತೆ ಮುಚ್ಚುವವರೆಗೂ ಅದನ್ನು ಎತ್ತುವುದಿಲ್ಲ.