ಮೂರನೇ ಕಂಬ

“ಗುರುಗಳೇ, ಬರುವ ವಾರ ನಮ್ಮ ಮಠದ ಉಸ್ತುವಾರಿಗೆ ಹೊಸ ಹಿರಿಯರು ಬರುತ್ತಾರೆ. ಅವರು ಎಂಥವರೆಂದು ಬೇಗ ತಿಳಿಯುವುದು ಹೇಗೆ?” ಎಂದು ಉಗ್ರಾಣ ನೋಡಿಕೊಳ್ಳುವ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ನದಿಗೆ ದೊಡ್ಡ ಸೇತುವೆ ಕಟ್ಟುತ್ತಿದ್ದರು. ಅಲ್ಲೊಬ್ಬ ಮೇಸ್ತ್ರಿ. ಕೆಲಸ ಬಲ್ಲವನು, ಅವನು ನಿಂತು ಮಾಡಿಸಿದ ಕಂಬವನ್ನು ಯಾರೂ ಎರಡನೇ ಸಲ ಪರೀಕ್ಷಿಸುತ್ತಿರಲಿಲ್ಲ. ಆದರೆ ಮೂರನೇ ಕಂಬದ ಅಚ್ಚಿನ ಹಲಗೆ ಬಿಚ್ಚಿದಾಗ ಕಾಂಕ್ರೀಟಿನ ಮೈಯೆಲ್ಲ ಜೇನುಹುಟ್ಟಿನಂತೆ ತೂತು ಬಿದ್ದಿತ್ತು. ಮೇಸ್ತ್ರಿ ಮರ್ಯಾದೆಗೆ ಅಂಜಿದ. ಯಾರ ಕಣ್ಣಿಗೂ ಬೀಳುವ ಮೊದಲೇ ಸಿಮೆಂಟ್ ಮೆತ್ತಿ ನುಣ್ಣಗೆ ಮಾಡಿಬಿಟ್ಟ.

ಅದೇ ವಾರ ಹಳೆಯ ಪ್ರಾಜೆಕ್ಟ್ ಮ್ಯಾನೇಜರ್ ಹೋಗಿ ಹೊಸಬರು ಬಂದರು. ಕಂಬಗಳ ಮೇಲೆ ದೊಡ್ಡ ತೊಲೆಗಳನ್ನು ಕೂರಿಸಲು ಇನ್ನು ಹತ್ತೇ ದಿನ ಉಳಿದಿತ್ತು. ಕಂಬದ ನಿಜ ಹೇಳಿಬಿಟ್ಟರೆ ಇವರು ತನ್ನನ್ನು ಓಡಿಸುವವರೋ, ಕಾಪಾಡುವವರೋ, ತಾವೂ ಸೇರಿ ಮುಚ್ಚಿಹಾಕುವವರೋ? ಮೇಸ್ತ್ರಿಯ ತಲೆ ತಿಂದದ್ದು ಇದೊಂದೇ ಕುತೂಹಲ.

ಅವರ ಕಾರಿನ ಡ್ರೈವರನ್ನು ಕೇಳಿದ. “ಹಾಡು ಹಾಕಿದ್ರೂ ಬೇಡ ಅನ್ನಲ್ಲ ಅಣ್ಣ, ಆರಿಸಿದ್ರೂ ಯಾಕೆ ಅನ್ನಲ್ಲ” ಎಂದ ಡ್ರೈವರ್. ಮೇಸ್ತ್ರಿ ಅಡುಗೆಯವನಿಗೆ ಹೇಳಿ ಸಾರಿಗೆ ಉಪ್ಪು ಹಾಕದಂತೆ ಮಾಡಿದ. ಮ್ಯಾನೇಜರ್ ಉಪ್ಪು ಕೇಳಿ ಹಾಕಿಕೊಂಡು ಉಂಡರು. ಬೇಕೆಂದೇ ಹೆಲ್ಮೆಟ್ ಇಲ್ಲದೆ ಅವರೆದುರು ಸುಳಿದ. ಅವರು ನಿಂತರು, ಅವನು ಹಾಕಿಕೊಂಡ ಮೇಲೆ ನಡೆದರು. ಹೀಗೆ ಒಂಬತ್ತು ದಿನ ಅವರ ಊಟ, ನಡಿಗೆ, ಮೌನ ಎಲ್ಲವನ್ನೂ ಅಳೆದದ್ದೇ ಅಳೆದದ್ದು. ಬೇಕಾದದ್ದೊಂದು ಬಿಟ್ಟು ಎಲ್ಲವೂ ತಿಳಿಯಿತು, ಪಾಪ.

ಹತ್ತನೇ ದಿನ ಕ್ರೇನ್ ಬಂತು. ತೊಲೆ ಹಿಡಿದು ಕೂರಿಸಲು ಇಬ್ಬರು ಆಳುಗಳು ಮೂರನೇ ಕಂಬ ಹತ್ತಿದರು. ಅವರಲ್ಲೊಬ್ಬ ಮೇಲಿನಿಂದ ಮೇಸ್ತ್ರಿಯತ್ತ ನಕ್ಕು ಕೈ ಬೀಸಿದ. ಮೇಸ್ತ್ರಿ ಮ್ಯಾನೇಜರ್ ಬಳಿಗೆ ಓಡಿದ.

“ನಿಲ್ಸಿ ಸಾರ್! ಆ ಕಂಬದ ತುಂಬ ತೂತಿದೆ. ನಾನೇ ಮೆತ್ತಿ ಮುಚ್ಚಿದ್ದೀನಿ.”

ಮ್ಯಾನೇಜರ್ ಕೈ ಎತ್ತಿ ಕ್ರೇನ್ ನಿಲ್ಲಿಸಿದರು. ಆಳುಗಳನ್ನು ಇಳಿಸಿದರು. ಒಂದು ಸುತ್ತಿಗೆ ತರಿಸಿ ಅವನ ಕೈಗಿಟ್ಟರು.

“ಎಲ್ಲಿಂದ ಎಲ್ಲೀತನಕ ಅಂತ ನಿಮಗೇ ಗೊತ್ತಿರೋದು. ನೀವೇ ಕೆತ್ತಿ ತೋರಿಸಿ, ಮೇಸ್ತ್ರೀ.”

ಮೇಸ್ತ್ರಿ ಏಣಿ ಹತ್ತಿದ. ಸುತ್ತಿಗೆಯ ಪೆಟ್ಟಿಗೂ ಏಣಿ ಅಲುಗಲಿಲ್ಲ. ಬಗ್ಗಿ ನೋಡಿದರೆ ಮ್ಯಾನೇಜರ್ ಎರಡೂ ಕೈಯಿಂದ ಅದರ ಬುಡ ಹಿಡಿದು ನಿಂತಿದ್ದರು. ಅವನು ಕೆತ್ತಿ ಮುಗಿಸುವವರೆಗೂ ಬಿಡಲಿಲ್ಲ. ಒಂಬತ್ತು ದಿನ ಹುಡುಕಿದ ಮನುಷ್ಯ ಮೇಸ್ತ್ರಿಗೆ ಸಿಕ್ಕಿದ್ದು ಆಗ. ಆ ಕಂಬವನ್ನು ಒಡೆದು ಮತ್ತೆ ಕಟ್ಟಿದರು. ಕಟ್ಟಿಸಿದವನು ಅದೇ ಮೇಸ್ತ್ರಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಹೊಸ ಹಿರಿಯರಲ್ಲಿ ನಾನು ಮೊದಲು ನೋಡಬೇಕಾದದ್ದು ಏನು?”

“ಅವರನ್ನು ನೋಡುವುದು ಆಮೇಲೆ, ಮಗು. ಉಗ್ರಾಣದಲ್ಲಿ ನೀನು ಮೆತ್ತಿಟ್ಟಿರುವ ಮೂರನೇ ಕಂಬ ಯಾವುದು?”

ಶಿಷ್ಯ ಉಗ್ರಾಣದ ಬೀಗದ ಕೈ ತೆಗೆದು ಗುರುಗಳ ಮುಂದಿಟ್ಟ.