ಭುಜದೊಳಗೆ ಮಡಚಿದ ಬಟ್ಟೆ

ಕಟಿಂಗ್ ಕಲಿಯೋಕೆ ಬರ್ತಿದ್ದ ನಾಗವೇಣಿ ಒಂದಿನ ಟೈಲರ್ ಪಿಸೆ ಮಾಸ್ಟ್ರನ್ನ ಕೇಳಿದ್ಳು. "ಮಾಸ್ಟ್ರೇ, ನಮ್ಮ ಸಂಘದಲ್ಲಿ ಎರಡು ಪಾರ್ಟಿ ಆಗಿದೆ. ಇಬ್ಬರ ಬಟ್ಟೇನೂ ಹೊಲಿಯೋಳು ನಾನೇ. ಇಬ್ಬರಿಗೂ ಹೂಂ ಅಂದ್ಕೊಂಡು ಇದ್ಬಿಟ್ರೆ ತಪ್ಪಾ?"

ಮಾಸ್ಟ್ರು ಕತ್ರಿ ಕೆಳಗಿಟ್ರು. ನಾನ್ ಹೇಳೋದು ನಡೆದಿದ್ದೇ, ಅಂದ್ರು. ಒಂದಕ್ಷರ ಸುಳ್ಳಾಗಿದ್ರೆ ಈ ಕತ್ರಿ ಮೇಲಾಣೆ, ಇನ್ಮೇಲೆ ನನ್ನ ಕೈ ನೆಟ್ಟಗೊಂದು ಗೀಟು ಎಳೀಬಾರದು. ಕೇಳು.

ಅರಬ್ಬರ ಸೀಮೇಲಿ ಒಂದು ಪುಟ್ಟ ರಾಜ್ಯ. ತಿಂಡಿ ತಿಂದು ಕಾರ್ ಹತ್ತಿದ್ರೆ ಊಟದ ಹೊತ್ತಿಗೆ ಗಡಿ ಮುಗೀತು, ಅಷ್ಟೇ. ಒಂದು ಕಡೆ ಮರಳುಗಾಡಿನ ದೊಡ್ಡ ದೇಶ, ಇನ್ನೊಂದು ಕಡೆ ಕಡಲಾಚೆ ಇನ್ನೊಂದು ದೊಡ್ಡ ದೇಶ. ಅವರಿಬ್ಬರಿಗೂ ಆಗಿಬರ್ತಿರಲಿಲ್ಲ. ಆಳೋ ಶೇಖ್ ಸಾಹೇಬ್ರು ಕಡಲಾಚೆಯವರಿಗೆ ಬೇಕಾದೋರು. ಅವರ ತಮ್ಮ ಮರಳುಗಾಡಿನವರಿಗೆ ಬೇಕಾದೋನು. ಅಣ್ಣನ ಮೇಲಿನ ಸಿಟ್ಟಿಗೆ ಮರಳುಗಾಡಿನವರು ರಸ್ತೆ ಮುಚ್ಚಿದ್ರು. ಅಂಗಡೀಲಿ ಟೊಮೇಟೊ ಇಲ್ಲ, ಹಾಲಿಲ್ಲ. ಆದ್ರೂ ಯಾರೂ ಗೊಣಗ್ತಿರಲಿಲ್ಲ. ಪಕ್ಕದಲ್ಲಿ ನಿಂತೋನು ಯಾರ ಕಡೆಯೋನೋ ಯಾರಿಗ್ ಗೊತ್ತು.

ಆ ಊರಲ್ಲಿ ನಮ್ಮ ಕಡೆಯ ಒಬ್ಬ ದರ್ಜಿ. ಎಂಥ ಕೈ ಅಂತೀಯ. ನಡೆಯೋನ ಬೆನ್ನು ನೋಡಿ ಭುಜದ ಅಳತೆ ಹೇಳೋನು. ಇಡೀ ರಾಜ್ಯದಲ್ಲಿ ಅವನಂಥೋನು ಇನ್ನೊಬ್ಬನಿರಲಿಲ್ಲ, ಈಗ್ಲೂ ಇಲ್ಲ. ಅರಮನೆಯೋರು ಮೈಮೇಲೆ ಹೊದ್ಕೊಳ್ಳೋ ಜರಿ ಅಂಚಿನ ತೆಳು ಉಣ್ಣೆ ಅಂಗಿ ಎಲ್ಲ ಅವನದೇ ಕೆಲಸ. ಅದಕ್ಕೆ ಬಿಷ್ತ್ ಅಂತಾರೆ. ನಾಲ್ಕು ಬೆರಳು ಅಗಲದ ಜರಿ ಅಂಚು ಆಳೋರಿಗೆ ಮಾತ್ರ. ಬೇರೆ ಯಾರು ಹೊದ್ರೂ ಅಪರಾಧ.

ಒಂದು ಸೋಮವಾರ ತಮ್ಮನ ಸೆಕ್ರೆಟ್ರಿ ಬಂದ. ನಾಲ್ಕು ಬೆರಳಿನ ಅಂಚಿಂದು ಒಂದು ಬಿಷ್ತ್ ಬೇಕು, ಗುರುವಾರಕ್ಕೆ ಅಂದ. ಅಳತೆ ಚೀಟಿ ಕೊಟ್ಟ. ಚೀಟಿ ಮೇಲೆ ಹೆಸರಿಲ್ಲ. ದರ್ಜಿ ಓದಿದ. ಶೇಖ್ ಸಾಹೇಬ್ರ ಅಳತೆಗಿಂತ ಭುಜ ಎರಡು ಬೆರಳು ಕಮ್ಮಿ, ಉದ್ದ ನಾಲ್ಕು ಬೆರಳು ಕಮ್ಮಿ. ಆ ಮೈ ಯಾರದು ಅಂತ ಅವನ ಕೈಗೆ ಗೊತ್ತಾಗೋಯ್ತು. ಗುರುವಾರ ಶೇಖ್ ಸಾಹೇಬ್ರು ಸಹಾಯ ಕೇಳೋಕೆ ಕಡಲಾಚೆ ಹೋಗ್ತಾರೆ ಅನ್ನೋದೂ ಗೊತ್ತಿತ್ತು. ಅವರ ಪ್ರಯಾಣದ ಬಿಷ್ತ್ ಅಲ್ಲೇ ಇಸ್ತ್ರಿ ಆಗಿ ನೇತಾಡ್ತಿತ್ತು.

ಅಣ್ಣ ಆಚೆ ಹೋದ ಕೂಡ್ಲೇ ತಮ್ಮ ಗಾದಿ ಹಿಡೀತಾನೆ ಅಂತ ಅವನಿಗೆ ಅರ್ಥವಾಯ್ತು. ಹೇಳಿದ್ರೆ ತಮ್ಮನ ಕಡೆಯೋರು ಉಳಿಸಲ್ಲ. ಹೇಳದೆ ಇದ್ದು ಅಣ್ಣ ಗೆದ್ರೆ, ಅವರೂ ಉಳಿಸಲ್ಲ. ಬುಧವಾರ ಶೇಖ್ ಸಾಹೇಬ್ರ ಆಳು ಬಂದು ಪ್ರಯಾಣದ ಬಿಷ್ತ್ ತಗೊಂಡ, ಕೂತು ಚಾ ಕುಡಿದ, ಮಕ್ಕಳು ಹೆಂಗಿದಾರೆ ಅಂತ ಕೇಳಿದ. ದರ್ಜಿ ಮಕ್ಕಳ ಮಾತಷ್ಟೇ ಹೇಳಿ ಕಳಿಸಿದ.

ಸೋಮವಾರವೇ ಒಂದು ಉಪಾಯ ಮಾಡಿದ್ದ. ನಮ್ಮೂರಲ್ಲಿ ಬೆಳೆಯೋ ಮಕ್ಕಳ ಬಟ್ಟೆಗೆ ಒಳಗೆ ಮಡಚಿ ಬಿಡ್ತೀವಲ್ಲ, ಹಂಗೆ. ಬಿಷ್ತನ್ನ ಅಣ್ಣನ ಅಳತೆಗೆ ಕತ್ತರಿಸಿ, ಹೆಚ್ಚಿನ ಬಟ್ಟೇನ ಒಳಗೆ ಮಡಚಿ ತಮ್ಮನ ಅಳತೆಗೆ ಹೊಲಿದ. ಯಾರು ಉಳಿದ್ರೂ ಅಂಗಿ ಅವರದೇ ಆಗ್ಬೇಕು, ಹಂಗೆ. ಇಡೀ ಅರಬ್ಬಿ ಸೀಮೇಲಿ ಇಂಥ ತಲೆ ಯಾರಿಗಿದೆ ಅಂದ್ಕೊಂಡ.

ಶುಕ್ರವಾರ ಟೀವೀಲಿ ತಮ್ಮ ಗಾದಿ ಮೇಲೆ ಕೂತಿದ್ದ. ಹಿಂದಿನ ಕಿಟಕಿಯಿಂದ ಬಿಸಿಲು. ತೆಳು ಉಣ್ಣೆ ಒಳಗಿಂದ ಭುಜದ ಮಡಿಕೆ ಕರೀ ಗೆರೆಯಾಗಿ ಕಾಣ್ತಿತ್ತು. ಹೊಲಿದೋನು ಎದ್ದು ಅಂಗಡಿ ಬಾಗಿಲು ಹಾಕ್ದ.

ಮೂರನೇ ದಿನ ಸೆಕ್ರೆಟ್ರಿ ಬಿಷ್ತ್ ಹಿಡ್ಕೊಂಡು ಬಂದ. ಉಗುರಲ್ಲಿ ಭುಜದ ಹೊಲಿಗೆ ಬಿಚ್ಚಿ ಬಟ್ಟೆ ಎಳೆದ. ದರ್ಜಿ, ನಮ್ಮ ಕಡೆ ಹಿಂಗೇ ಹೊಲಿಯೋದು ಸ್ವಾಮಿ, ಮೈ ಬೆಳೆದ್ರೆ ಬಿಚ್ಕೋಬಹುದು ಅಂದ.

ಸೆಕ್ರೆಟ್ರಿ ಕೆಳಗಿನ ಮಡಿಕೆಗೆ ಬೆರಳಿಟ್ಟು ಎಣಿಸಿದ. "ಐವತ್ತೆಂಟು ವರ್ಷದೋರು ಇನ್ನೂ ನಾಲ್ಕು ಬೆರಳು ಎತ್ತರ ಆಗ್ತಾರೇನಯ್ಯ?"

ಮಡಚಿದ್ದನ್ನೆಲ್ಲ ಕತ್ತರಿಸಿ ಕಳಿಸು ಅಂತ ಹೇಳಿ, ದರ್ಜಿಯ ಪಾಸ್‌ಪೋರ್ಟ್ ಜೇಬಿಗಿಟ್ಕೊಂಡು ಹೋದ. ದರ್ಜಿ ಕತ್ರಿ ಎತ್ತಿದ. ಅಣ್ಣ ವಾಪಸ್ ಬಂದ್ರೆ, ಅಂತ ಅನ್ನಿಸ್ತು. ಹೊಸದೊಂದು ಹೊಲಿದು ಕಳಿಸಿ, ಹಳೇದನ್ನ ಟ್ರಂಕಿನ ತಳಕ್ಕೆ ಹಾಕ್ದ. ಐದು ತಿಂಗಳು ಬೀದೀಲಿ ಕಾರ್ ನಿಂತ ಸದ್ದಾದ್ರೆ ಸಾಕು, ಸೂಜಿ ಬೆರಳಿಗೆ ಚುಚ್ಚೋದು.

ಆಮೇಲೆ ಎರಡು ದೊಡ್ಡ ದೇಶದೋರೂ ಒಳಗೊಳಗೇ ರಾಜಿಯಾದ್ರು. ರಸ್ತೆ ತೆರೀತು. ತಮ್ಮ ರಾತ್ರೋರಾತ್ರಿ ಮರಳುಗಾಡಿಗೆ ಓಡಿದ. ಅಣ್ಣ ವಾಪಸ್ ಬಂದ್ರು. ನಮ್ಮ ದರ್ಜಿ ಟ್ರಂಕ್ ತೆಗೆದ, ಮಡಿಕೆ ಬಿಚ್ಚಿದ, ಇಸ್ತ್ರಿ ಮಾಡ್ದ, ಎದೆಯುಬ್ಬಿಸ್ಕೊಂಡು ಅರಮನೆಗೆ ಹೋದ. ತಮಗೇ ಅಂತ ಕಾಪಾಡಿಟ್ಟಿದ್ದೆ ಸಾಹೇಬ್ರೇ, ಅಂದ. ಶೇಖ್ ಸಾಹೇಬ್ರು ಹೊದ್ರು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಕ್ರು. ಆಮೇಲೆ ಅವರ ಹೆಬ್ಬೆರಳು ಭುಜದ ಮೇಲೆ ಹಳೇ ಸೂಜಿ ತೂತಿನ ಸಾಲಲ್ಲಿ ಮೆಲ್ಲಗೆ ಹೋಯ್ತು.

"ಇದು ನನ್ನ ತಮ್ಮನ ಭುಜ," ಅಂದ್ರು. "ಯಾವತ್ತು ಹೊಲಿದೆ?"

ಹೆಮ್ಮೆ ಇನ್ನೂ ಬಾಯಲ್ಲೇ ಇತ್ತಲ್ಲ, ದರ್ಜಿ ಹೇಳಿಬಿಟ್ಟ. ಸೋಮವಾರ ಕತ್ತರಿಸಿ ಬುಧವಾರಕ್ಕೆ ಮುಗಿಸಿದೆ, ತಾವು ವಿಮಾನ ಹತ್ತೋ ಮುಂಚೇನೇ.

"ಬುಧವಾರ ನನ್ನ ಆಳು ನಿನ್ನ ಅಂಗಡೀಲಿ ಚಾ ಕುಡಿದ," ಅಂದ್ರು ಶೇಖ್ ಸಾಹೇಬ್ರು. ಆಮೇಲೆ ಅವನ ಕಡೆ ನೋಡ್ಲೇ ಇಲ್ಲ.

ಸಂಜೆ ವಿಮಾನಕ್ಕೆ ಹತ್ತಿಸಿದ್ರು. ಅಂಗಡಿ, ಮಿಷನ್ನು, ಹನ್ನೊಂದು ವರ್ಷ ದುಡಿದು ಬ್ಯಾಂಕಲ್ಲಿಟ್ಟಿದ್ದ ದಿನಾರು ದುಡ್ಡು, ಎಲ್ಲ ಅಲ್ಲೇ ಉಳೀತು. ಉಟ್ಟ ಬಟ್ಟೇಲಿ ಊರಿಗೆ ಬಂದ.

ನಾಗವೇಣಿ ಕೈಲಿದ್ದ ಸೀಮೆಸುಣ್ಣ ಹಂಗೇ ಹಿಡ್ಕೊಂಡಿದ್ಳು. "ಹಂಗಾದ್ರೆ ಮಾಸ್ಟ್ರೇ, ಬುಧವಾರ ಬಾಯಿ ಬಿಟ್ಟಿದ್ರೆ ಆ ದರ್ಜಿ ಉಳ್ಕೊಳ್ತಿದ್ನಾ?"

"ಅದು ನಂಗೊತ್ತಿಲ್ಲಮ್ಮ, ಭುಜದೊಳಗೆ ಮಡಚಿಟ್ಟ ಆ ಎರಡು ಬೆರಳು ಬಟ್ಟೆಗೆ ತೆತ್ತಿದ್ದು ಮಾತ್ರ ಗೊತ್ತು, ಆರು ಸಾವಿರದ ನಾನೂರ ಹದಿನೇಳೂವರೆ ದಿನಾರು."